ಅರ್ಧ ಗಂಟೆ ಬಿಡುವು, ಮೂವತ್ತು ಗಂಟೆಯ ಗೇಮ್

ಆಫೀಸು, ಟ್ರಾಫಿಕ್ಕು, ಊಟ ಎಲ್ಲ ಮುಗಿದ ಮೇಲೆ ಉಳಿಯೋದು ಅರ್ಧ ಗಂಟೆ. ಅಷ್ಟರಲ್ಲಿ ಮೂವತ್ತು ಗಂಟೆ ಬೇಡುವ ಹಳೇ ಗೇಮ್ ಮತ್ತೆ ಆಡೋಕಾಗುತ್ತಾ? ಈಗ ಆಗುತ್ತೆ.

1994ರಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್‌ಗೆ ಬಂದ 'ಫೈನಲ್ ಫ್ಯಾಂಟಸಿ 6' ತಗೊಳ್ಳಿ. ಅದರ 'ಪಿಕ್ಸೆಲ್ ರಿಮಾಸ್ಟರ್' 2022ರಲ್ಲಿ ಪಿಸಿ, ಮೊಬೈಲ್‌ಗೆ, 2023ರಲ್ಲಿ ಸ್ವಿಚ್, ಪ್ಲೇಸ್ಟೇಷನ್ 4ಕ್ಕೆ ಬಂತು. ಹಳೆಯದರಲ್ಲಿ ಗುಹೆ ಹೊಕ್ಕರೆ ಸೇವ್ ಪಾಯಿಂಟ್ ಸಿಗೋವರೆಗೂ ಸೇವ್ ಮಾಡುವಂತಿರಲಿಲ್ಲ. ಇದರಲ್ಲಿ ಆಟೋ ಸೇವ್ ಇದೆ. ಕನ್ಸೋಲ್ ಆವೃತ್ತಿಯಲ್ಲಿ ದಾರೀಲಿ ದಿಢೀರನೆ ಎದುರಾಗುವ ಶತ್ರುಗಳನ್ನೇ ಆಫ್ ಮಾಡಬಹುದು, ಅನುಭವದ ಅಂಕಗಳನ್ನು 4 ಪಟ್ಟು ಏರಿಸಬಹುದು.

ಆದರೆ ಎಲ್ಲ ಅನುಕೂಲ ಒಟ್ಟಿಗೆ ಬೇಡ. ಶತ್ರುಗಳೇ ಇಲ್ಲದಿದ್ದರೆ ಗುಹೆ ಬರೀ ಓಣಿ. ಔಷಧಿ ಉಳಿಸಿಕೊಳ್ಳುವ ಲೆಕ್ಕಾಚಾರ, ಸೇವ್ ಪಾಯಿಂಟ್ ಕಂಡಾಗಿನ ನಿರಾಳ ಎರಡೂ ಹೋಗ್ತವೆ. ಮೊದಲ ಸಲ ಆಡುವವರು ಏನನ್ನೂ ಬದಲಿಸಬೇಡಿ. ಮತ್ತೆ ಆಡುವವರು, ನೋಡಿದ ದಾರೀಲೇ ವಾಪಸ್ ಬರುವಾಗ ಮಾತ್ರ ಆಫ್ ಮಾಡಿ.

ಇನ್ನೊಂದು ಮಾತು. ಡಿಜಿಟಲ್ ಆಗಿ ಕೊಂಡರೆ ಸಿಗೋದು ಸಾಮಾನ್ಯವಾಗಿ ಆಡುವ ಪರವಾನಗಿ ಅಷ್ಟೇ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ 3ಡಿಎಸ್, ವೀ ಯು ಆನ್‌ಲೈನ್ ಅಂಗಡಿಗಳಲ್ಲಿ ಖರೀದಿ ನಿಂತಾಗ, ಅಲ್ಲಷ್ಟೇ ಇದ್ದ ಗೇಮ್‌ಗಳನ್ನು ಹೊಸಬರು ಕೊಳ್ಳುವ ದಾರಿಯೇ ಮುಚ್ಚಿತು. ಅಟ್ಟದ ಮೇಲೆ ಹಳೇ ಕಾರ್ಟ್ರಿಡ್ಜ್ ಇದ್ದರೆ ಗುಜರಿಗೆ ಹಾಕಬೇಡಿ.