ಥೀಡಾ ಬಾರಾ: ಅಳಿದ ಚಿತ್ರಗಳು, ಉಳಿದ ಪ್ರಚಾರ

ಮೂಕಿ ಚಿತ್ರಗಳ ಕಾಲದಲ್ಲಿ ಪ್ರಚಾರವು ತಾರೆಯನ್ನು ರೂಪಿಸಿದ ಬಗೆಗೆ ಅಮೆರಿಕದ ನಟಿ ಥೀಡಾ ಬಾರಾ (1885–1955) ಅವರ ವೃತ್ತಿಜೀವನ ಸ್ಪಷ್ಟ ನಿದರ್ಶನವಾಗಿದೆ. ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಯಹೂದಿ ದರ್ಜಿಯೊಬ್ಬರ ಮಗಳಾಗಿ ಜನಿಸಿದ ಇವರ ಮೂಲ ಹೆಸರು ಥಿಯೊಡೋಸಿಯಾ ಗುಡ್‌ಮನ್. ರಂಗಭೂಮಿಯಿಂದ ಬಂದ ಇವರಿಗೆ ಖ್ಯಾತಿ ತಂದುದು ಫಾಕ್ಸ್ ಸಂಸ್ಥೆಯ ‘ಎ ಫೂಲ್ ದೇರ್ ವಾಸ್’ (1915). ಪುರುಷನನ್ನು ಮೋಹಿಸಿ ವಿನಾಶಕ್ಕೆ ತಳ್ಳುವ ಸ್ತ್ರೀಯ ಪಾತ್ರವದು. ಅದಕ್ಕೊಪ್ಪುವಂತೆ ಸಂಸ್ಥೆಯ ಪ್ರಚಾರಕರು ಇವರನ್ನು ಈಜಿಪ್ಟಿನ ಮರುಭೂಮಿಯಲ್ಲಿ ಹುಟ್ಟಿದವರೆಂದು ಬಿಂಬಿಸಿದರು. ‘ಕ್ಲಿಯೋಪಾತ್ರ’ (1917) ಈ ಬಿಂಬವನ್ನು ಇನ್ನಷ್ಟು ಗಟ್ಟಿಗೊಳಿಸಿತು. 1919ರಲ್ಲಿ ಫಾಕ್ಸ್‌ನೊಂದಿಗಿನ ಸಂಬಂಧ ಮುಗಿದ ಬಳಿಕ ಇವರ ಚಿತ್ರಜೀವನ ಮತ್ತೆ ಚೇತರಿಸಿಕೊಳ್ಳಲಿಲ್ಲ.

1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಚಿತ್ರಸಂಗ್ರಹಾಗಾರ ಬೆಂಕಿಗೆ ಆಹುತಿಯಾಯಿತು. ಬೇಸಗೆಯ ತಾಪದಲ್ಲಿ ಶಿಥಿಲಗೊಂಡ ನೈಟ್ರೇಟ್ ಫಿಲ್ಮು ತಾನಾಗಿಯೇ ಹೊತ್ತಿಕೊಂಡಿತ್ತು. ಬಾರಾ ನಟಿಸಿದ ಸುಮಾರು 40 ಚಿತ್ರಗಳಲ್ಲಿ ಇಂದು ಪೂರ್ಣರೂಪದಲ್ಲಿ ಲಭ್ಯವಿರುವವು ಬೆರಳೆಣಿಕೆಯಷ್ಟು. ‘ಕ್ಲಿಯೋಪಾತ್ರ’ದ ತುಣುಕುಗಳಷ್ಟೇ ಉಳಿದಿವೆ. ಹೀಗಾಗಿ ಇವರ ಅಭಿನಯದ ಅಧ್ಯಯನಕ್ಕೆ ಸ್ಥಿರಚಿತ್ರ, ಭಿತ್ತಿಪತ್ರ, ಪತ್ರಿಕಾ ವರದಿಗಳೇ ಮುಖ್ಯ ಆಕರಗಳು. ಆದರೆ ಇವುಗಳಲ್ಲಿ ಅನೇಕವು ಆ ಕಲ್ಪಿತ ಬಿಂಬದ ಪ್ರಚಾರಕ್ಕಾಗಿಯೇ ಸಿದ್ಧಗೊಂಡವು. ಆದುದರಿಂದ ಆಕರಗಳನ್ನು ಶೋಧಿಸುವಷ್ಟೇ ಎಚ್ಚರದಿಂದ ಅವುಗಳನ್ನು ಶಂಕಿಸುವುದೂ ಇಲ್ಲಿ ಸಂಶೋಧಕರ ಹೊಣೆಯಾಗುತ್ತದೆ.