ದುಡಿಯುವ ಮಕ್ಕಳು ಮನೆಗೆ ಎಷ್ಟು ಕೊಡಬೇಕು?

ಶಿಕಾರಿಪುರ, ಸೊರಬ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಹಿಂದೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಗದ್ದೆ ಒಂದು, ಕಣಜ ಒಂದು, ಒಲೆ ಒಂದು. ಭತ್ತ ಮಾರಿದ ಹಣ, ಅಡಿಕೆ ಮಾರಿದ ಹಣ ಎಲ್ಲವೂ ಒಂದೇ ಪೆಟ್ಟಿಗೆಗೆ ಸೇರುತ್ತಿದ್ದವು. ಅದರ ಬೀಗದ ಕೈ ಮನೆಯ ಹಿರಿಯರಲ್ಲಿರುತ್ತಿತ್ತು. ಯಾರು ಎಷ್ಟು ತಂದರು, ಯಾರು ಎಷ್ಟು ಉಂಡರು ಎಂದು ಲೆಕ್ಕವಿಡುವ ಅಗತ್ಯವೇ ಇರಲಿಲ್ಲ.

ಇಂದಿನ ಮನೆ ಹಾಗಿಲ್ಲ. ಒಬ್ಬ ಮಗ ತೋಟ ನೋಡಿಕೊಂಡರೆ, ಇನ್ನೊಬ್ಬ ಸುಮಾರು 50 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ನೌಕರಿ ಮಾಡಿ ಬರುತ್ತಾನೆ. ಮಗಳು ಪಟ್ಟಣದ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದವರಲ್ಲಿ ಕೆಲವರು ಮನೆಯ ಕೋಣೆಯಲ್ಲೇ ಗಣಕಯಂತ್ರದ ಮುಂದೆ ಕುಳಿತು ದುಡಿಯುತ್ತ ಉಳಿದಿದ್ದಾರೆ. ಪ್ರತಿಯೊಬ್ಬರ ಸಂಬಳವೂ ಅವರವರ ಬ್ಯಾಂಕ್ ಖಾತೆಗೆ ಸೇರುತ್ತದೆ. ಊಟದ ಒಲೆ ಮಾತ್ರ ಒಂದೇ.

ಆದರೆ ಈ ವಿಷಯವನ್ನು ಬಾಯಿಬಿಟ್ಟು ಮಾತನಾಡಲು ಎರಡೂ ಕಡೆಯವರಿಗೆ ಸಂಕೋಚ. "ಹೆತ್ತ ಮಕ್ಕಳ ಅನ್ನಕ್ಕೆ ಬೆಲೆ ಕಟ್ಟುವುದೇ?" ಎಂದು ತಾಯಿಗೆ ಅನಿಸುತ್ತದೆ. "ಅವ್ವ ಕೇಳಿದರೆ ಇಲ್ಲವೆನ್ನುತ್ತೇನೆಯೇ?" ಎಂದು ಮಗ ಸುಮ್ಮನಿರುತ್ತಾನೆ. ಕೇಳದ ತಾಯಿ, ಕೊಡದ ಮಗ, ಇವರಿಬ್ಬರ ನಡುವೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಬೆಳೆಯುತ್ತದೆ. ಮನೆಯ ನೆಮ್ಮದಿಯ ದೃಷ್ಟಿಯಿಂದ ಈ ಮೌನ ಒಳ್ಳೆಯದಲ್ಲವೆಂದು ನಾವು ಭಾವಿಸುತ್ತೇವೆ.

ಬಾಡಿಗೆಯಲ್ಲ, ಪಾಲು

ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಶರಣರು ನಮಗೆ ಬಿಟ್ಟುಹೋದ ಕಾಯಕ ಮತ್ತು ದಾಸೋಹಗಳು ಈ ಪ್ರಶ್ನೆಗೂ ಬೆಳಕು ನೀಡುತ್ತವೆ. ದುಡಿಮೆ ಪ್ರತಿಯೊಬ್ಬರದು, ಅದರ ಫಲದಲ್ಲಿ ಪಾಲು ಎಲ್ಲರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅಗತ್ಯಕ್ಕೆ ಮೀರಿದ್ದು ನಮಗೆ ಬೇಡವೆಂದು ಲಕ್ಕಮ್ಮನವರು ಹಿಂದಿರುಗಿಸಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಮನೆಗೆ ಎಷ್ಟು ಬರಬೇಕೆಂಬುದನ್ನು ಅಲ್ಲಿ ನಿರ್ಣಯಿಸಿದವರು ಒಲೆಯ ಮುಂದಿದ್ದ ಗೃಹಿಣಿ. ಅವರ ಅಳತೆಗೋಲು ಆಸೆಯಲ್ಲ, ಅಗತ್ಯ. ಮಕ್ಕಳಿಂದ ಪಡೆಯುವ ಹಣಕ್ಕೂ ಇದೇ ಅಳತೆ ಸಲ್ಲುತ್ತದೆ.

ಆದ್ದರಿಂದ ಮಕ್ಕಳು ಕೊಡುವ ಹಣವನ್ನು ಬಾಡಿಗೆಯೆಂದಾಗಲಿ, ಖಾನಾವಳಿಯ ಊಟದ ದರವೆಂದಾಗಲಿ ತಿಳಿಯಬಾರದು. ಖಾನಾವಳಿಗೆ ಹಣ ಕೊಟ್ಟವನು ಕೈತೊಳೆದುಕೊಂಡು ಎದ್ದು ಹೋಗುತ್ತಾನೆ. ಮನೆಗೆ ಪಾಲು ಕೊಡುವವನು ಮನೆಯ ಭಾರದಲ್ಲಿ ಪಾಲುದಾರನಾಗುತ್ತಾನೆ.

ಕಾನೂನು ಹೇಳುವುದೇನು?

ಕುಟುಂಬದ ಖರ್ಚಿನಲ್ಲಿ ಓದಿದ ಮಗನ ಸಂಬಳ ಯಾರಿಗೆ ಸೇರಬೇಕೆಂಬ ವ್ಯಾಜ್ಯ ಹಳೆಯದು. ಐ.ಸಿ.ಎಸ್. ಅಧಿಕಾರಿಯೊಬ್ಬರ ಪ್ರಕರಣದಲ್ಲಿ 1921ರಲ್ಲಿ ಪ್ರಿವಿ ಕೌನ್ಸಿಲ್, ಕುಟುಂಬದ ಹಣದಿಂದ ವಿಶೇಷ ವಿದ್ಯೆ ಪಡೆದು ಗಳಿಸಿದ ಸಂಪಾದನೆ ಅವಿಭಕ್ತ ಕುಟುಂಬಕ್ಕೆ ಸೇರಿದ್ದೆಂದು ತೀರ್ಪಿತ್ತಿತು. 1930ರ ಹಿಂದೂ ವಿದ್ಯಾರ್ಜಿತ ಗಳಿಕೆಗಳ ಕಾಯಿದೆ ಇದನ್ನು ಬದಲಿಸಿತು. ಯಾರ ಹಣದಿಂದ ಓದಿದ್ದರೂ ವಿದ್ಯೆಯಿಂದ ಬಂದ ಗಳಿಕೆ ಗಳಿಸಿದವನ ಸ್ವಂತದ್ದು. ಹೀಗಾಗಿ "ನಿನ್ನನ್ನು ಓದಿಸಿದವರು ನಾವು, ಪೂರ್ತಿ ಸಂಬಳ ತಂದಿಡು" ಎನ್ನುವ ಹಕ್ಕು ತಂದೆತಾಯಿಗಳಿಗಿಲ್ಲ.

ಹಾಗೆಂದು ಮಕ್ಕಳಿಗೆ ಹೊಣೆಯಿಲ್ಲವೆಂದಲ್ಲ. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಡಿ ಮಕ್ಕಳಿಂದ ಜೀವನಾಂಶ ಕೇಳಬಹುದು. ನಮ್ಮ ಎರಡೂ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿದ್ದು, ಅಂಥ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಸಲ್ಲಿಸಬೇಕಾಗುತ್ತದೆ. ಆದರೆ ಅವ್ವನ ಕೈಗೆ ತಿಂಗಳಿಗೆ ನಾಲ್ಕು ನೋಟು ಕೊಡುವ ವಿಷಯ ಸಾಗರದ ಕಚೇರಿಯ ಮೆಟ್ಟಿಲೇರುವುದು ಯಾವ ಮನೆತನಕ್ಕೆ ಶೋಭೆ? ಅದು ಅಡುಗೆಮನೆಯಲ್ಲಿಯೇ ತೀರ್ಮಾನವಾಗಬೇಕು.

ಲೆಕ್ಕ ಹಾಕುವ ಬಗೆ

ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ತಂದೆ, ತಾಯಿ, ಗದ್ದೆ ತೋಟ ನೋಡಿಕೊಳ್ಳುವ ಮಗ, 30,000 ರೂಪಾಯಿ ಸಂಬಳದ ಇನ್ನೊಬ್ಬ ಮಗ, 10,000 ರೂಪಾಯಿ ಸಂಬಳದ ಮಗಳು, ಒಟ್ಟು ಐವರು. ಅಕ್ಕಿ ಮನೆಯ ಗದ್ದೆಯದು. ಉಳಿದಂತೆ ಕಿರಾಣಿ 6,500, ಹಾಲು 2,500, ತರಕಾರಿ ಹಣ್ಣು 3,000, ಗ್ಯಾಸ್ 1,000, ವಿದ್ಯುತ್ತು ನೀರು ಫೋನು 1,000, ಔಷಧಿ 1,000. ಒಟ್ಟು 15,000 ರೂಪಾಯಿ. ತಲೆಗೆ 3,000 ಆಯಿತು.

ಇಬ್ಬರು ನೌಕರರೂ ತಲಾ 3,000 ಕೊಡಲಿ ಎನ್ನುವುದು ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಅದು ಮಗನ ಸಂಬಳದ ಹತ್ತರಲ್ಲಿ ಒಂದು ಪಾಲಾದರೆ, ಮಗಳ ಸಂಬಳದ ಹತ್ತರಲ್ಲಿ ಮೂರು ಪಾಲು. ಆ 6,000 ರೂಪಾಯಿಯನ್ನು ಸಂಬಳದ ಪ್ರಮಾಣಕ್ಕೆ ಹಂಚಿದರೆ ಮಗ 4,500, ಮಗಳು 1,500 ಕೊಡುತ್ತಾರೆ. ಇಬ್ಬರಿಗೂ ಸಂಬಳದ ನೂರಕ್ಕೆ 15ರಷ್ಟೇ ಹೊರೆ. ಈ ಎರಡನೆಯ ರೀತಿಯೇ ನಮಗೆ ಸರಿಯೆನಿಸುತ್ತದೆ. ಇದು ಕನಿಷ್ಠ ಪಾಲು. ತಂದೆತಾಯಿಗಳ ಔಷಧಿ ಹೆಚ್ಚಿದಾಗ, ಕೊಳೆರೋಗವೋ ಎಲೆಚುಕ್ಕೆ ರೋಗವೋ ಬಂದು ಅಡಿಕೆ ಕೈಕೊಟ್ಟಾಗ, ಹೆಚ್ಚು ಗಳಿಸುವವರು ಹೆಚ್ಚು ಕೊಡಬೇಕು. ಮದುವೆಗೋ ಸಾಲ ತೀರಿಸಲೋ ಕೂಡಿಡುತ್ತಿರುವ ಮಕ್ಕಳಿಗೆ ಉಳಿತಾಯಕ್ಕೆ ಅವಕಾಶವೂ ಇರಬೇಕು. ಕೆಲಸ ಹುಡುಕುತ್ತಿರುವ ಮಗನನ್ನಂತೂ ಊಟದ ಹೊತ್ತಿನಲ್ಲಿ ಹಂಗಿಸಬಾರದು. ಅವನು ಕೈಲಾದ ಮನೆಗೆಲಸ ಮಾಡಲಿ.

ಲೆಕ್ಕಕ್ಕೆ ಬಾರದ ದುಡಿಮೆ

ಮೇಲಿನ ಲೆಕ್ಕದಲ್ಲಿ ಇಬ್ಬರ ಹೆಸರು ಕಾಣುವುದಿಲ್ಲ. ಮೊದಲನೆಯವನು ಗದ್ದೆಯ ಮಗ. ಅವನಿಗೆ ಸಂಬಳವಿಲ್ಲ, ಆದರೆ ಕಣಜದ ಭತ್ತ ಅವನ ಬೆವರು. ಒಂದನೆಯ ತಾರೀಖಿಗೆ ಹಣ ತರುವ ಅಣ್ಣನಿಗೆ ಮನೆಯಲ್ಲಿ ಮರ್ಯಾದೆ, ಸುಗ್ಗಿಯವರೆಗೆ ಕಾಯುವ ತಮ್ಮನಿಗೆ ತಾತ್ಸಾರ ಎಂಬಂತಾದರೆ, ಮುಂದೆ ಪಾಲಿನ ಹೊತ್ತಿನಲ್ಲಿ ಆ ನೋವು ಜಗಳವಾಗಿ ಹೊರಬರುತ್ತದೆ. ಎರಡನೆಯವರು ತಾಯಿ. ರೊಟ್ಟಿ ಬಡಿಯುವ, ಬುತ್ತಿ ಕಟ್ಟುವ, ಬಟ್ಟೆ ಒಗೆಯುವ ಅವರ ದುಡಿಮೆಗೆ ಯಾವ ತಾರೀಖಿನಂದೂ ಸಂಬಳವಿಲ್ಲ. ಹಣ ಕೊಟ್ಟೆನೆಂದು ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟೇಳುವ ಮಗ ತನ್ನ ಪಾಲನ್ನು ಅರ್ಧವಷ್ಟೇ ಸಲ್ಲಿಸಿದಂತೆ.

ಮಗಳ ಹಣ

"ಮಗಳ ದುಡಿಮೆ ತಿನ್ನಬಾರದು" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಪ್ರೀತಿಯಿಂದ ಹುಟ್ಟಿದ ಮಾತಾದರೂ, ಅದರಲ್ಲಿ ಮಗಳು ಈ ಮನೆಯವಳಲ್ಲವೆಂಬ ಭಾವ ಅಡಗಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಜಾರಿಗೆ ತಂದಿತು. 2005ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ತಂದೆತಾಯಿಗಳ ಪೋಷಣೆಯ ಹೊಣೆ ವಿವಾಹಿತ ಮಗಳಿಗೂ ಉಂಟೆಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೇಳಿದೆ. ಹಕ್ಕು ಸಮವಾದ ಮೇಲೆ ಹೊಣೆಯೂ ಸಮ. ಆದರೆ ಮಗಳಿಂದ ಹಣವನ್ನೂ ಪಡೆದು ಅಡುಗೆಮನೆಯ ಕೆಲಸವನ್ನೂ ಅವಳೊಬ್ಬಳ ಮೇಲೆಯೇ ಹೊರಿಸುವುದು ಅನ್ಯಾಯ.

ಕೆಲವು ಸಲಹೆಗಳು

ಎಲ್ಲರೂ ಮನೆಯಲ್ಲಿರುವ ದಿನ ಮೂರು ತಿಂಗಳ ಖರ್ಚಿನ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಮಕ್ಕಳು ಖರ್ಚನ್ನು ಕಣ್ಣಾರೆ ಕಾಣಲಿ, ಮೊತ್ತವನ್ನು ಅವರೇ ಹೇಳಲಿ. ಹಣ ಮನೆ ನಡೆಸುವವರ ಕೈಗೆ, ಕೇಳಿಸಿಕೊಳ್ಳದೆ, ಗೊತ್ತಾದ ದಿನ ಸೇರಲಿ. ವರ್ಷಕ್ಕೊಮ್ಮೆ ಮೊತ್ತವನ್ನು ಪರಿಶೀಲಿಸಿ.

ಅನುಕೂಲವುಳ್ಳ ತಂದೆತಾಯಿಗಳು "ನಮಗೇಕೆ ಇವರ ಹಣ?" ಎನ್ನಬಾರದು. ಕೊಡುವ ಅಭ್ಯಾಸ ಕೊಡುವವರಿಗೇ ಬೇಕು. ಬೇಡವೆನಿಸಿದರೆ ಮಕ್ಕಳಿಗೆ ತಿಳಿಸಿಯೇ ಅವರ ಹೆಸರಿನಲ್ಲಿ ಅಂಚೆ ಕಚೇರಿಯ ಐದು ವರ್ಷಗಳ ಆವರ್ತ ಠೇವಣಿಯಲ್ಲಿ ತೊಡಗಿಸಿ. ತಿಂಗಳಿಗೆ 1,500 ರೂಪಾಯಿಯಂತೆ ಕಟ್ಟಿದರೆ ಅಸಲೇ 90,000 ಆಗುತ್ತದೆ.

ಇನ್ನೊಂದು ಎಚ್ಚರಿಕೆ. ತಿಂಗಳ ಪಾಲು ಬೇರೆ, ಮನೆ ಕಟ್ಟಲು, ತೋಟ ಕೊಳ್ಳಲು, ಸಾಲ ತೀರಿಸಲು ಕೊಡುವ ದೊಡ್ಡ ಮೊತ್ತ ಬೇರೆ. ಮನೆಖರ್ಚಿಗೆ ಪ್ರೀತಿಯಿಂದ ಕೊಟ್ಟದ್ದನ್ನು ಮುಂದೆ ಪಾಲಿನಲ್ಲಿ ಕೇಳುವಂತಿಲ್ಲವೆಂದು ಮೊದಲೇ ಮಾತಾಗಲಿ. ದೊಡ್ಡ ಮೊತ್ತವು ಸಾಲವೋ, ಕೊಡುಗೆಯೋ, ಆಸ್ತಿಯಲ್ಲಿ ಹೂಡಿಕೆಯೋ ಎಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಅರಿಯುವಂತೆ ಬರೆದಿಡಿ. ಇಂದಿನ ಒಂದು ಹಾಳೆ ನಾಳಿನ ಹತ್ತು ವರ್ಷಗಳ ಕೋರ್ಟು ಅಲೆದಾಟವನ್ನು ತಪ್ಪಿಸಬಲ್ಲದು.

ಮಕ್ಕಳ ಸಂಬಳಕ್ಕೆ ಕೈಚಾಚುವುದು ತಂದೆತಾಯಿಗಳಿಗೆ ಗೌರವವಲ್ಲ. ತಂದೆತಾಯಿಗಳು ಕೈಚಾಚುವವರೆಗೆ ಕಾಯುವುದು ಮಕ್ಕಳಿಗೆ ಧರ್ಮವಲ್ಲ. ಸಂಬಳದ ದಿನ ಮೊದಲ ಪಾಲು ಮನೆಗೆ ಎಂಬ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ. ಬರುವ ತಿಂಗಳಿನಿಂದಲೇ ಅದನ್ನು ಆರಂಭಿಸಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.