ಸಲಹೆಯಿಂದ ಹುಟ್ಟಿದ ಸಂಘ

ನಕ್ಷತ್ರ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನೋಡಿದ್ದನ್ನು ಹಂಚಿಕೊಳ್ಳಲು ಜೊತೆಗಾರರು ಬೇಕು. 1890ರ ಬ್ರಿಟನ್ನಿನಲ್ಲಿ ಹವ್ಯಾಸಿಗಳಿಗೆ ಇದೇ ಕೊರತೆಯಾಗಿತ್ತು. ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಂದಾ ಹಲವರ ಕೈಗೆ ಎಟುಕುತ್ತಿರಲಿಲ್ಲ. ಅಲ್ಲಿನ ಪ್ರಬಂಧಗಳು ಹೊಸಬರಿಗೆ ಕಠಿಣ. ಮಹಿಳೆಯರು ಅದರ ಫೆಲೋ ಆಗುವಂತಿರಲಿಲ್ಲ.

ಆ ಜುಲೈನಲ್ಲಿ ಡಬ್ಲಿನ್ನಿನ ಹವ್ಯಾಸಿ ವಿಲಿಯಂ ಮಾಂಕ್ ‘ಇಂಗ್ಲಿಷ್ ಮೆಕ್ಯಾನಿಕ್’ ಪತ್ರಿಕೆಗೆ ಒಂದು ಪತ್ರ ಬರೆದರು. ಈ ಮೂರು ತೊಡಕುಗಳನ್ನು ಹೆಸರಿಸಿ, ಹವ್ಯಾಸಿಗಳದ್ದೇ ಆದ ಸಂಘವೊಂದು ಬೇಕೆಂದು ಸಲಹೆ ಮಾಡಿದರು. ಓದುಗರು ಸ್ಪಂದಿಸಿದರು. ಅಕ್ಟೋಬರ್ 24ರಂದು ಲಂಡನ್ನಿನಲ್ಲಿ ಬ್ರಿಟಿಷ್ ಅಸ್ಟ್ರನಾಮಿಕಲ್ ಅಸೋಸಿಯೇಷನ್ನಿನ ಮೊದಲ ಸಭೆ ಸೇರಿತು. ಆರಂಭದಿಂದಲೇ ಮಹಿಳೆಯರಿಗೆ ಪ್ರವೇಶವಿತ್ತು. ಸೂರ್ಯವೀಕ್ಷಣೆಯ ವಿಭಾಗದ ಹೊಣೆ ಹೊತ್ತವರು ಎಲಿಜಬೆತ್ ಬ್ರೌನ್. ಹಳೆಯ ಸೊಸೈಟಿ ಮಹಿಳೆಯರನ್ನು ಫೆಲೋ ಆಗಿ ಚುನಾಯಿಸಿದ್ದು 1916ರಲ್ಲಿ, ಅಂದರೆ 26 ವರ್ಷಗಳ ನಂತರ.

ದೂರಿಗೂ ಸಲಹೆಗೂ ಇರುವ ಅಂತರ ಇದೇ. ದೂರು ತೊಡಕನ್ನಷ್ಟೇ ಹೇಳುತ್ತದೆ. ಸಲಹೆ ದಾರಿಯನ್ನೂ ತೋರಿಸುತ್ತದೆ. ನಿಮ್ಮೂರಿನ ನಕ್ಷತ್ರ ವೀಕ್ಷಣೆಗೆ ಒಮ್ಮೆ ಬಂದವರು ಮತ್ತೆ ಬಾರದಿದ್ದರೆ ಸುಮ್ಮನಿರಬೇಡಿ. ಏಕೆಂದು ಅವರನ್ನೇ ಕೇಳಿ. ಸಂಘಕ್ಕೆ ಬೇಕಾದ ಮುಂದಿನ ಸುಧಾರಣೆ ಆ ಉತ್ತರದಲ್ಲೇ ಸಿಕ್ಕೀತು.